ಪ್ರಸಾದ ನಿಲಯಗಳು ನಡೆದು ಬಂದ ದಾರಿ



ನಮ್ಮ ನಾಡಿನ ವಿದ್ಯಾಪ್ರಸಾರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಲೆಗಳಿಂದ ಆರಂಭಿಸುತ್ತಾರೆ. ಯಾವ ಇಸವಿಯಲ್ಲಿ ಯಾವ ಊರಿಗೆ ಹೈಸ್ಕೂಲು ಬಂದಿತು, ಯಾವ ಸರಕಾರ ಎಷ್ಟು ಧನಸಹಾಯ ಕೊಟ್ಟಿತು, ಯಾರು ಮೊದಲ ಪದವೀಧರರು ಎಂಬ ವಿವರಗಳಿಂದ ಪುಟಗಳು ತುಂಬುತ್ತವೆ. ಅವೆಲ್ಲ ಬೇಕಾದ ವಿವರಗಳೇ. ಆದರೆ ಶಾಲೆಯ ಬಾಗಿಲು ತೆರೆದೊಡನೆ ಹಳ್ಳಿಯ ಹುಡುಗನು ಒಳಗೆ ಬಂದು ಕುಳಿತನೆ? ಹತ್ತು ಹನ್ನೆರಡು ಹರದಾರಿ ನಡೆದು ಪಟ್ಟಣಕ್ಕೆ ಬಂದ ಆ ಬಾಲಕನು ರಾತ್ರಿ ಎಲ್ಲಿ ಮಲಗಿದನು, ಬೆಳಿಗ್ಗೆ ಏನು ಉಂಡನು, ಜ್ವರ ಬಂದಾಗ ಅವನ ಹಣೆ ಮುಟ್ಟಿ ನೋಡಿದವರು ಯಾರು? ಈ ಪ್ರಶ್ನೆಗಳನ್ನು ಕೇಳಿದಾಗ ಚರಿತ್ರೆಯ ಬೇರೊಂದು ಬಾಗಿಲು ತೆರೆಯುತ್ತದೆ. ಉಚಿತ ಪ್ರಸಾದ ನಿಲಯಗಳ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಬಳ್ಳಾರಿ, ಮಂಗಳೂರು ಮದ್ರಾಸು ಪ್ರಾಂತಕ್ಕೆ. ಬೀದರ, ಕಲಬುರ್ಗಿ, ರಾಯಚೂರು ನಿಜಾಮರಿಗೆ. ಉಳಿದುದು ಬಹುಪಾಲು ಮೈಸೂರು ಅರಸರಿಗೆ. ಆಡಳಿತ ಬೇರೆ ಬೇರೆಯಾದರೂ ಹಳ್ಳಿಯ ಬಡ ಹುಡುಗನ ಪಾಡು ಎಲ್ಲೆಡೆಯೂ ಒಂದೇ ಆಗಿತ್ತು. ಗಾವಟಿ ಶಾಲೆಯಲ್ಲಿ ಮಗ್ಗಿ, ಓಲೆ, ಲೆಕ್ಕಗಳನ್ನು ಕಲಿತ ಮೇಲೆ ಮುಂದಿನ ಓದಿಗೆ ಪಟ್ಟಣವೇ ಗತಿ. ಪಟ್ಟಣದಲ್ಲಿ ಬಂಧುಗಳಿದ್ದರೆ ಸರಿ, ಇಲ್ಲವಾದರೆ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳಬೇಕು. ಏಳು ಮನೆ ದೊರೆಯದಿದ್ದರೆ ದೊರೆಯದ ದಿನ ಉಪವಾಸ. ವಾರಾನ್ನವುಂಡು ಓದಿ ಮಹಾಪುರುಷರಾದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಮನೆಗಳ ತಾಯಂದಿರ ಋಣ ದೊಡ್ಡದು. ಆದರೂ ಆ ಪದ್ಧತಿಯನ್ನು ಇಂದು ಕೆಲವರು ವರ್ಣಿಸುವಷ್ಟು ಮಧುರವಾಗಿ ವರ್ಣಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಉಣ್ಣುವ ಪ್ರತಿ ತುತ್ತಿನಲ್ಲೂ ಹಂಗು ಬೆರೆತಿದ್ದಿತು. ಅಲ್ಲದೆ ವಾರಾನ್ನವು ಜಾತಿಯನ್ನು ನೋಡಿ ಕೊಡುವ ಅನ್ನವಾಗಿತ್ತು. ಪಟ್ಟಣದಲ್ಲಿ ತನ್ನ ಜಾತಿಯ ಉಳ್ಳವರ ಮನೆಗಳಿಲ್ಲದ ಹುಡುಗನಿಗೆ ಅದೂ ದೊರೆಯುತ್ತಿರಲಿಲ್ಲ.

ಈ ಕೊರತೆಯನ್ನು ಮೊದಲು ಕಂಡವರು ಸರಕಾರಿ ನೌಕರಿಯಲ್ಲಿದ್ದ ಕೆಲವು ಹಿರಿಯರು. ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿ, ಬಡ ವಿದ್ಯಾರ್ಥಿಗಳಿಗೆ ಹಣದ ನೆರವು ದೊರೆಯುವಂತೆ ಮಾಡಿದರು. 1904ರಲ್ಲಿ ಅದೇ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನ ಸೇರಿತು. ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳು ಅದರ ಪ್ರೇರಕ ಶಕ್ತಿ. ಶಿರಸಂಗಿಯ ಲಿಂಗರಾಜ ದೇಸಾಯಿಯವರು ಅಧ್ಯಕ್ಷರು. ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾದರು. ಮಕ್ಕಳಿಲ್ಲದ ಆ ದೇಸಾಯಿಯವರು ತಮ್ಮ ಸಂಸ್ಥಾನದ ಸಂಪತ್ತು ವಿದ್ಯಾರ್ಥಿಗಳ ಓದಿಗೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟಿದ್ದರು. ಮುಂದೆ 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸಂಸ್ಥೆ ಹುಟ್ಟಿದಾಗ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ತರುಣ ಪದವೀಧರರು ದೊಡ್ಡ ಸಂಬಳದ ಆಸೆಯನ್ನು ಬಿಟ್ಟು ಆಜೀವ ಸದಸ್ಯರಾಗಿ ದುಡಿದರು. ಅವರನ್ನು ಜನ ಸಪ್ತರ್ಷಿಗಳೆಂದು ಕರೆಯುತ್ತಾರೆ. ಈ ಕಥೆ ವಾಚಕರಿಗೆ ತಿಳಿದುದೇ ಆದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ನಾನು ಸ್ವಲ್ಪ ನಿಂತು ಹೇಳಬೇಕೆಂದಿರುವುದು ಹಾನಗಲ್ಲ ಕುಮಾರ ಸ್ವಾಮಿಗಳ ವಿಚಾರ. 1867ರಲ್ಲಿ ರಾಣೇಬೆನ್ನೂರು ಸೀಮೆಯ ಜೋಯಿಸರಹರಳಹಳ್ಳಿಯಲ್ಲಿ ಜನಿಸಿದ ಹಾಲಯ್ಯನೆಂಬ ಬಾಲಕನು ಬಡತನದಲ್ಲಿಯೇ ಅಕ್ಷರ ಕಲಿತವನು. ಹಾನಗಲ್ಲ ವಿರಕ್ತಮಠದ ಅಧಿಕಾರ ಬಂದ ಮೇಲೆ ಅವರ ಕಣ್ಣಿಗೆ ಬಿದ್ದುದು ಒಂದು ವಿಚಿತ್ರ ಸ್ಥಿತಿ. ನಾಡಿನ ಊರೂರಿಗೂ ಮಠಗಳಿದ್ದವು. ಮಠಗಳಿಗೆ ಭೂಮಿ ಕಾಣಿ, ಭಕ್ತರ ವಿಶ್ವಾಸ, ಕಲ್ಲು ಕಟ್ಟಡ ಎಲ್ಲವೂ ಇದ್ದವು. ಇಲ್ಲದ್ದು ಒಂದೇ: ಆ ಮಠಗಳಲ್ಲಿ ಕುಳಿತವರಿಗೆ ತಕ್ಕ ಶಿಕ್ಷಣ. ಸ್ವಾಮಿಯೇ ಓದದಿದ್ದ ಮೇಲೆ ಊರಿನ ಹುಡುಗರಿಗೆ ಓದಿನ ದಾರಿ ತೋರುವವರಾರು? ಕುಮಾರ ಸ್ವಾಮಿಗಳು ಸಾವಿರ ಹುಡುಗರಿಗೆ ನೇರವಾಗಿ ಪಾಠ ಹೇಳಲು ಹೊರಡಲಿಲ್ಲ. ಪಾಠ ಹೇಳಬಲ್ಲವರನ್ನು ಸಿದ್ಧಗೊಳಿಸಲು ಹೊರಟರು. ಇಳಕಲ್ಲ ವಿಜಯ ಮಹಾಂತ ಶಿವಯೋಗಿಗಳ ಸಲಹೆಯನ್ನು ಪಡೆದು, ಬಾದಾಮಿಯ ಸಮೀಪದಲ್ಲಿ ಮಲಪ್ರಭೆಯ ದಂಡೆಯ ಮೇಲೆ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು.

ಅಲ್ಲಿಯ ದಿನಚರಿಯನ್ನು ಗಮನಿಸಿರಿ. ವಟುಗಳಿಗೆ ಸಂಸ್ಕೃತ, ಕನ್ನಡ, ಯೋಗ, ಸಂಗೀತ, ಆಯುರ್ವೇದಗಳ ಶಿಕ್ಷಣವಿತ್ತು. ಅದರ ಜೊತೆಗೆ ಗೋಶಾಲೆಯ ಕೆಲಸವಿತ್ತು, ಸಗಣಿಯಿಂದ ವಿಭೂತಿ ಮಾಡುವ ಕೆಲಸವಿತ್ತು, ಹಳ್ಳಿಹಳ್ಳಿಗಳಿಂದ ತಂದ ತಾಳೆಯೋಲೆಯ ಕಟ್ಟುಗಳನ್ನು ಕಾಪಾಡುವ ಕೆಲಸವಿತ್ತು. ಅಟ್ಟಗಳ ಮೇಲೆ ಹುಳುಗಳ ಪಾಲಾಗುತ್ತಿದ್ದ ಎಷ್ಟೋ ಗ್ರಂಥಗಳು ಹೀಗೆ ಉಳಿದವು. ವಿಶ್ವವಿದ್ಯಾಲಯಗಳಲ್ಲಿ ಗ್ರಂಥ ಸಂಪಾದನೆಯನ್ನು ಅಭ್ಯಸಿಸಿದ ನನ್ನಂಥವರು ಆ ವಟುಗಳ ಕೈಗೆ ಋಣಿಗಳು. ಸಗಣಿ ಬಳಿಯುವ ಕೈಯೇ ಓಲೆಯನ್ನೂ ಒರೆಸಬೇಕೆಂಬ ನಿಯಮ ಅಲ್ಲಿತ್ತು. ಒಂದು ಕೀಳು, ಒಂದು ಮೇಲು ಎಂಬ ಎಣಿಕೆ ಇರಲಿಲ್ಲ. ಕುಮಾರ ಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಕಲಿತವರು ನಾಡಿನ ಹಲವು ಮಠಗಳ ಅಧಿಕಾರ ವಹಿಸಿಕೊಂಡಿದ್ದರು. ಅವರಲ್ಲಿ ಅನೇಕರು ಹೋದ ಊರಿನಲ್ಲಿ ಮೊದಲು ಮಾಡಿದ ಕೆಲಸವೆಂದರೆ ಒಂದು ಪಾಠಶಾಲೆ, ಒಂದು ಪ್ರಸಾದ ನಿಲಯ.

ಭಾಲ್ಕಿಯ ಶ್ರೀ ಚನ್ನಬಸವ ಪಟ್ಟದ್ದೇವರು ಇದಕ್ಕೆ ನಿದರ್ಶನ. ನಿಜಾಮರ ಆಡಳಿತದಲ್ಲಿ ಕನ್ನಡ ಶಾಲೆ ನಡೆಸುವುದು ಸುಲಭದ ಮಾತಾಗಿರಲಿಲ್ಲ. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ಹೀಗೆ ಅವರು ಗಡಿನಾಡಿನ ಮಕ್ಕಳಿಗೆ ತಾಯ್ನುಡಿಯನ್ನು ಉಳಿಸಿಕೊಟ್ಟರು. ಶತಾಯುಷಿಗಳಾಗಿ 1999ರವರೆಗೆ ಬಾಳಿದ ಅವರನ್ನು ಕಂಡವರು ಈ ಪತ್ರಿಕೆಯ ವಾಚಕರಲ್ಲಿಯೂ ಇರಬಹುದು.

ಆದರೆ ಕುಮಾರ ಸ್ವಾಮಿಗಳ ದೃಷ್ಟಿ ಎಷ್ಟು ದೂರ ಹರಿಯಿತೆಂಬುದನ್ನು ತಿಳಿಯಬೇಕಾದರೆ ಗದುಗಿನ ಕಡೆಗೆ ನೋಡಬೇಕು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ, ಗುರುಬಸವಯ್ಯ ಎಂಬ ಇಬ್ಬರು ಅಣ್ಣತಮ್ಮಂದಿರಿದ್ದರು. ಇಬ್ಬರೂ ಹುಟ್ಟು ಕುರುಡರು. ಅಂದಿನ ಹಳ್ಳಿಯಲ್ಲಿ ಬಡ ಕುರುಡ ಹುಡುಗನಿಗೆ ಇದ್ದ ದಾರಿ ಭಿಕ್ಷೆಯೊಂದೇ. ಅವರ ಕಂಠವನ್ನು ಕೇಳಿದ ಕುಮಾರ ಸ್ವಾಮಿಗಳು ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಗುರುಬಸವಯ್ಯ ಬಹುಕಾಲ ಬದುಕಲಿಲ್ಲ. 1892ರಲ್ಲಿ ಹುಟ್ಟಿದ ಗದಿಗೆಯ್ಯನನ್ನು ಸ್ವಾಮಿಗಳು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತವನ್ನು ಕಲಿಸಿದರು. ಅನಂತರ ನೀಲಕಂಠ ಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತದ ಶಿಕ್ಷಣವಾಯಿತು. ಎರಡೂ ಪದ್ಧತಿಗಳನ್ನು ಕರಗತ ಮಾಡಿಕೊಂಡ ಆ ಹುಡುಗನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಪ್ರಖ್ಯಾತರಾದರು.

ಪಂಚಾಕ್ಷರಿ ಗವಾಯಿಗಳು ಅಷ್ಟು ವಿದ್ಯೆಯನ್ನು ಇಟ್ಟುಕೊಂಡು ಯಾವುದಾದರೊಂದು ಸಂಸ್ಥಾನದ ಆಶ್ರಯದಲ್ಲಿ ಸುಖವಾಗಿರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಹುಡುಗರನ್ನು ಕೂಡಿಸಿಕೊಂಡು ಊರಿಂದೂರಿಗೆ ತಿರುಗುವ ಸಂಗೀತ ಪಾಠಶಾಲೆಯನ್ನು ನಡೆಸಿದರು. ಅದಕ್ಕೆ ಕಟ್ಟಡವಿರಲಿಲ್ಲ. ಯಾವ ಊರಿನಲ್ಲಿ ಪುರಾಣವೋ ಜಾತ್ರೆಯೋ ಇರುತ್ತಿತ್ತೋ ಆ ಊರಿನ ಮಠ, ಛತ್ರ, ದೇವಸ್ಥಾನಗಳೇ ಅದರ ತರಗತಿಗಳು. ಹುಡುಗರ ಹೊಟ್ಟೆ ಹೊರೆಯುವುದಕ್ಕಾಗಿ ನಾಟಕ ಕಂಪನಿಯನ್ನೂ ಕಟ್ಟಿದರು. ಮಠದ ಪರಂಪರೆಯವರು ನಾಟಕ ಆಡಿಸುವುದೇ ಎಂದು ಹುಬ್ಬೇರಿಸಿದವರು ಅಂದು ಇದ್ದಿರಬೇಕು. ಆದರೆ ನಾಟಕದ ಟಿಕೆಟ್ಟಿನ ಹಣವೇ ಅಕ್ಕಿ ಜೋಳವಾಗಿ ಹುಡುಗರ ತಟ್ಟೆಗೆ ಬರುತ್ತಿತ್ತು. ಕಡೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ನೆಲೆ ದೊರೆತು, 1942ರಲ್ಲಿ ವೀರೇಶ್ವರ ಪುಣ್ಯಾಶ್ರಮ ಸ್ಥಿರವಾಯಿತು. ಎರಡು ವರ್ಷಗಳಲ್ಲಿ, 1944ರಲ್ಲಿ, ಗವಾಯಿಗಳು ಲಿಂಗೈಕ್ಯರಾದರು.

ಆಗ ಆಶ್ರಮದ ಭಾರವನ್ನು ಹೊತ್ತವರು ಅವರ ಶಿಷ್ಯ, ಮೂವತ್ತು ವರ್ಷ ವಯಸ್ಸಿನ ಪುಟ್ಟರಾಜ ಗವಾಯಿಗಳು. ಅವರೂ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು. ಅಂದಿನಿಂದ 2010ರಲ್ಲಿ ಲಿಂಗೈಕ್ಯರಾಗುವವರೆಗೆ, ಅರವತ್ತಾರು ವರ್ಷ ಆ ಒಲೆ ಆರದಂತೆ ನೋಡಿಕೊಂಡರು. ನಾಟಕಗಳನ್ನು ಬರೆದರು, ಪುರಾಣಗಳನ್ನು ಬರೆದರು, ಹಾರ್ಮೋನಿಯಂ, ತಬಲಾ, ಪಿಟೀಲುಗಳನ್ನು ನುಡಿಸಿದರು. ಭಕ್ತರು ನಾಣ್ಯಗಳಿಂದ ಅವರ ತುಲಾಭಾರ ಮಾಡುತ್ತಿದ್ದರು. ತಕ್ಕಡಿಯಲ್ಲಿ ಕುಳಿತ ಪ್ರತಿ ಸಾರಿಯೂ ಆ ಹಣ ಹೋದುದು ಆಶ್ರಮದ ಅಡಿಗೆಮನೆಗೆ. ಪಂಡಿತ ಬಸವರಾಜ ರಾಜಗುರುಗಳಂಥ ಮಹಾಗಾಯಕರು ಈ ಪರಂಪರೆಯಿಂದ ಬಂದರೆಂಬುದನ್ನು ಎಲ್ಲರೂ ಬಲ್ಲರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹೆಸರಿಲ್ಲದವರ ಸಾಲು. ಯಾವುದೋ ತಾಲ್ಲೂಕಿನ ಶಾಲೆಯಲ್ಲಿ ಸಂಗೀತದ ಮಾಸ್ತರರಾಗಿ, ಯಾವುದೋ ಜಾತ್ರೆಯಲ್ಲಿ ಪುರಾಣಕ್ಕೆ ತಬಲಾ ಸಾಥಿಯಾಗಿ, ಸ್ವಂತ ದುಡಿಮೆಯಿಂದ ಸಂಸಾರ ನಡೆಸಿದ ಅಂಧ ಕಲಾವಿದರು ಉತ್ತರ ಕರ್ನಾಟಕದ ಎಲ್ಲೆಡೆ ಸಿಗುತ್ತಾರೆ. ಕುಮಾರ ಸ್ವಾಮಿಗಳು ಕೈಹಿಡಿದುದು ಒಂದು ಹಳ್ಳಿಯ ಇಬ್ಬರು ಹುಡುಗರನ್ನು ಮಾತ್ರ ಎಂಬುದನ್ನು ನೆನೆದರೆ ಮನಸ್ಸು ಬೆರಗಾಗುತ್ತದೆ.

ಈಗ ಮೈಸೂರು ಸೀಮೆಗೆ ಬರೋಣ. ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು 1903ರಲ್ಲಿ ಕಟ್ಟಿಸಿದ ಛತ್ರವನ್ನು ಅರಿಯದವರಿಲ್ಲ. ಅವರ ಧರ್ಮಸಂಸ್ಥೆಯ ವಿದ್ಯಾರ್ಥಿ ನಿಲಯವು ಹಳೆಯ ಮೈಸೂರಿನ ಎಷ್ಟೋ ಹಳ್ಳಿಗಳ ಹುಡುಗರಿಗೆ ಕಾಲೇಜಿನ ದಾರಿಯಾಯಿತು. ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿ ನಿಲಯವನ್ನು ಆರಂಭಿಸಿದರು. 1954ರಲ್ಲಿ ವಿದ್ಯಾಪೀಠ ಹುಟ್ಟಿದುದು ಅದರ ತರುವಾಯ. ಎಂದರೆ ಮೊದಲು ಒಲೆ, ಆಮೇಲೆ ಕಾಲೇಜು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳು ಹಚ್ಚಿದ ಒಲೆಯ ಅನ್ನವನ್ನುಂಡು ಕರ್ನಾಟಕ ಕಾಲೇಜಿನಲ್ಲಿ ಓದಿದವರ ಸಂಖ್ಯೆಯೂ ಚಿಕ್ಕದಲ್ಲ.

ಈ ಒಲೆಗಳಿಗೆ ಅಕ್ಕಿ ಎಲ್ಲಿಂದ ಬಂದಿತು? ರಾಜರ ಬೊಕ್ಕಸದಿಂದ ಬಂದುದು ಅತ್ಯಲ್ಪ. ಸುಗ್ಗಿಯ ಕಾಲದಲ್ಲಿ ಸ್ವಾಮಿಗಳು ಜೋಳಿಗೆ ಹಿಡಿದು ಕಣಗಳಿಗೆ ಹೋಗುತ್ತಿದ್ದರು. ಬಯಲು ಸೀಮೆಯಲ್ಲಿ ಜೋಳ, ಮೈಸೂರು ಸೀಮೆಯಲ್ಲಿ ರಾಗಿ ಹುರುಳಿ. ಚಕ್ಕಡಿಯ ಮೇಲೆ ಚೀಲಗಳು ಮಠಕ್ಕೆ ಬರುತ್ತಿದ್ದವು. ತಾಯಂದಿರು ಅಡಿಗೆಗೆ ಅಕ್ಕಿ ತೆಗೆಯುವಾಗ ಒಂದು ಮುಷ್ಟಿಯನ್ನು ಬೇರೆ ಗಡಿಗೆಯಲ್ಲಿ ಹಾಕಿಡುತ್ತಿದ್ದರು; ಅದಕ್ಕೆ ಮುಷ್ಟಿಫಂಡು ಎಂದೇ ಹೆಸರು. ಕೆಲವು ನಿಲಯಗಳಲ್ಲಿ ಹುಡುಗರೇ ಕಂತಿಭಿಕ್ಷೆಗೆ ಹೋಗುತ್ತಿದ್ದರು. ಇದರಲ್ಲಿ ಒಂದು ಸೂಕ್ಷ್ಮವಿದೆ. ವಾರಾನ್ನದ ಹುಡುಗ ಒಬ್ಬ ಯಜಮಾನನ ಹಂಗಿನಲ್ಲಿದ್ದನು. ಪ್ರಸಾದ ನಿಲಯದ ಹುಡುಗ ಒಂದು ಸೀಮೆಯ ಹಂಗಿನಲ್ಲಿದ್ದನು, ಮತ್ತು ಆ ಹಂಗನ್ನು ದುಡಿದು ತೀರಿಸುವ ಅವಕಾಶ ಅವನಿಗೆ ಅಲ್ಲಿಯೇ ಇದ್ದಿತು. ನೀರು ಸೇದುವುದು, ಸೌದೆ ಒಡೆಯುವುದು, ಕಸ ಗುಡಿಸುವುದು, ಪಂಕ್ತಿಗೆ ಬಡಿಸುವುದು, ಜಾತ್ರೆಯ ದಿನ ಸಾವಿರಾರು ಜನರ ಸಾಲನ್ನು ನಿಯಂತ್ರಿಸುವುದು, ಚಿಕ್ಕ ತರಗತಿಯ ಹುಡುಗನಿಗೆ ಸಂಜೆ ಲೆಕ್ಕ ಹೇಳಿಕೊಡುವುದು, ಎಲ್ಲವೂ ಸರದಿಯ ಮೇಲೆ ನಡೆಯುತ್ತಿದ್ದವು. ಭಾರತ ಸರಕಾರವು ಗಾಂಧೀ ಶತಮಾನೋತ್ಸವದ ವರ್ಷವಾದ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ವಿಶ್ವವಿದ್ಯಾಲಯಗಳಿಗೆ ತಂದಿತು. ಅದು ಸ್ತುತ್ಯವಾದ ಕಾರ್ಯ. ಆದರೆ ಶಿಬಿರಕ್ಕೆ ಹೋಗಿ ಹತ್ತು ದಿನ ರಸ್ತೆ ಮಾಡುವುದಕ್ಕೂ, ತಾನು ಉಣ್ಣುವ ಅನ್ನಕ್ಕೆ ತಾನೇ ಪ್ರತಿದಿನ ನೀರು ಸೇದುವುದಕ್ಕೂ ವ್ಯತ್ಯಾಸವಿದೆ. ನಾನೂ ನಿಲಯದ ಹುಡುಗನಾಗಿ ಬಡಿಸಿದವನು. ಕೊನೆಯ ಪಂಕ್ತಿಗೆ ಸಾರು ಸಾಲದೆ ಹೋದಾಗ ಬಡಿಸುವವನ ಕೈ ಹೇಗೆ ಲೆಕ್ಕ ಹಾಕುತ್ತದೆಂಬುದನ್ನು ಯಾವ ಅರ್ಥಶಾಸ್ತ್ರದ ಪುಸ್ತಕವೂ ನನಗೆ ಅಷ್ಟು ಚೆನ್ನಾಗಿ ಕಲಿಸಲಿಲ್ಲ.

ಹೊಗಳಿಕೆ ಇಷ್ಟಾದ ಮೇಲೆ ಚರಿತ್ರೆಯ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನಾನು ಸತ್ಯಕ್ಕೆ ದ್ರೋಹ ಬಗೆದಂತಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ವಿದ್ಯಾರ್ಥಿ ನಿಲಯಗಳು ಬಹುಪಾಲು ಜಾತಿಯ ನಿಲಯಗಳೇ. ಕೊಲ್ಲಾಪುರದ ಶಾಹೂ ಮಹಾರಾಜರು 1901ರಿಂದ ಮರಾಠ, ಜೈನ, ಲಿಂಗಾಯತ, ಮುಸಲ್ಮಾನ ಹೀಗೆ ಬೇರೆ ಬೇರೆ ನಿಲಯಗಳಿಗೆ ಪ್ರೋತ್ಸಾಹವಿತ್ತರು. ಒಂದೇ ಪಂಕ್ತಿಯಲ್ಲಿ ಉಣ್ಣಲು ಜನ ಒಪ್ಪದ ಕಾಲದಲ್ಲಿ ಅದು ವಿವೇಕದ ಮಾರ್ಗವೇ ಆಗಿತ್ತು. ಮೈಸೂರು ಸಂಸ್ಥಾನದಲ್ಲಿಯೂ ಸಮುದಾಯಕ್ಕೊಂದು ಸಂಘ, ಸಂಘಕ್ಕೊಂದು ಹಾಸ್ಟೆಲ್ಲು ಎಂಬಂತೆ ಬೆಳೆಯಿತು. ಆದರೆ ಸಂಘ ಕಟ್ಟುವ ಶಕ್ತಿಯೇ ಇಲ್ಲದವರ ಗತಿಯೇನು? ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲಿಯೇ ಶಾಲೆ ತೆರೆದು, ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿ ದುಡಿದರು. ಹನ್ನೆರಡನೆಯ ಶತಮಾನದ ಶರಣರ ವಾರಸುದಾರರೆಂದು ಹೇಳಿಕೊಳ್ಳುವ ನಮ್ಮ ಎಷ್ಟು ಮಠಗಳು ಅಂದು ಆ ಮಕ್ಕಳಿಗೆ ಬಾಗಿಲು ತೆರೆದಿದ್ದವು? ಕೆಲವು ತೆರೆದವು, ಹಲವು ತಡವಾಗಿ ತೆರೆದವು. ಹೆಣ್ಣುಮಕ್ಕಳ ವಿಷಯದಲ್ಲಂತೂ ತಡ ಇನ್ನೂ ದೀರ್ಘವಾಗಿತ್ತು. ಮುಷ್ಟಿಫಂಡಿನ ಅಕ್ಕಿಯನ್ನು ತೆಗೆದಿಟ್ಟವರು ತಾಯಂದಿರು. ಆ ಅಕ್ಕಿಯನ್ನು ಉಂಡು ಓದಿದವರು ಅವರ ಗಂಡುಮಕ್ಕಳು ಮಾತ್ರ.

ತುಮಕೂರಿನ ಸಿದ್ಧಗಂಗೆ ಈ ಬೇಲಿಯನ್ನು ದಾಟಿದ ಸ್ಥಾನಗಳಲ್ಲಿ ಅಗ್ರಗಣ್ಯವಾದುದು. ಉದ್ದಾನ ಶಿವಯೋಗಿಗಳ ಕಾಲದಲ್ಲಿ ಅಲ್ಲಿ ಸಂಸ್ಕೃತ ಪಾಠಶಾಲೆ ಬೆಳೆಯಿತು. ಮಾಗಡಿ ಸೀಮೆಯ ವೀರಾಪುರದ ತರುಣರೊಬ್ಬರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1930ರಲ್ಲಿ ಅಲ್ಲಿಯ ಉತ್ತರಾಧಿಕಾರಿಗಳಾಗಿ ಸನ್ಯಾಸ ಸ್ವೀಕರಿಸಿದರು. ಅವರೇ ಡಾ. ಶ್ರೀ ಶಿವಕುಮಾರ ಸ್ವಾಮಿಗಳು. 1941ರಲ್ಲಿ ಮಠದ ಪೂರ್ಣಭಾರ ಅವರ ಮೇಲೆ ಬಂದಿತು. ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ ಅವರು ತಂದ ರಾಗಿಯ ಮುದ್ದೆಯನ್ನು ಉಂಡ ಮಕ್ಕಳಲ್ಲಿ ಎಲ್ಲ ಜಾತಿಯವರೂ ಇದ್ದರು, ಎಲ್ಲ ಮತದವರೂ ಇದ್ದರು. ಏಕಕಾಲಕ್ಕೆ ಹಲವು ಸಾವಿರ ಮಕ್ಕಳು ಅಲ್ಲಿ ಉಂಡು, ಮಲಗಿ, ಓದುವಂತಾಯಿತು. ತುಂಬು ವೃದ್ಧಾಪ್ಯದಲ್ಲಿಯೂ ಸ್ವಾಮಿಗಳು ಮಕ್ಕಳ ಪ್ರಾರ್ಥನೆಗೆ ಬಂದು ಕುಳಿತು, ಊಟದ ಸಾಲುಗಳ ನಡುವೆ ನಡೆದು ನೋಡುತ್ತಿದ್ದುದನ್ನು ಕಂಡವರು ಲಕ್ಷಾಂತರ ಮಂದಿ.

ಇಂದು ನಿಲಯಗಳ ಸ್ಥಿತಿ ಬದಲಾಗಿದೆ. ಹಾವನೂರು ಆಯೋಗದ 1975ರ ವರದಿಯ ಬಳಿಕ ಸರಕಾರದ ವಿದ್ಯಾರ್ಥಿ ನಿಲಯಗಳು ಹೆಚ್ಚಿದವು. ಅದು ಆಗಬೇಕಾದ ಕೆಲಸವೇ ಆಗಿತ್ತು. ಅನುಕೂಲಸ್ಥರು ಮಕ್ಕಳನ್ನು ಶುಲ್ಕ ತೆತ್ತು ವಸತಿ ಶಾಲೆಗಳಿಗೆ ಕಳುಹಿಸುತ್ತಾರೆ. ಮಠದ ನಿಲಯಕ್ಕೆ ಬರುವವರು ಬೇರೆ ದಾರಿ ಇಲ್ಲದವರು: ತಂದೆಯಿಲ್ಲದವರು, ದುಡಿಯಲು ಗುಳೆ ಹೋದವರ ಮಕ್ಕಳು. ಅಂಥ ಮಗು ಮಠವನ್ನು ಪ್ರಶ್ನಿಸಲಾರದು. ಆದುದರಿಂದಲೇ ಮಠ ಹೆಚ್ಚು ಎಚ್ಚರವಾಗಿರಬೇಕು. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಬಂದ ಪೋಕ್ಸೊ ಕಾಯ್ದೆ ಮಠದ ಹೊಸ್ತಿಲಿನ ಹೊರಗೆ ನಿಲ್ಲುವಂಥದಲ್ಲ. ಕಾವಿಯನ್ನು ಕಂಡು ಯಾರೂ ಲೆಕ್ಕ ಕೇಳದೆ ಇರಬಾರದು. ಕೇಳಿದಾಗ ಕಾವಿಯವರು ಮುನಿಯಲೂ ಬಾರದು. ಊರಿನ ಹಿರಿಯರು, ತಾಯಂದಿರು, ಹಳೆಯ ವಿದ್ಯಾರ್ಥಿಗಳು ಮುನ್ಸೂಚನೆಯಿಲ್ಲದೆ ನಿಲಯಕ್ಕೆ ಬಂದು, ಅಡಿಗೆಮನೆಯನ್ನೂ ಮಲಗುವ ಕೋಣೆಗಳನ್ನೂ ನೋಡಿ, ಮಕ್ಕಳೊಡನೆ ಏಕಾಂತದಲ್ಲಿ ಮಾತನಾಡುವ ಹಕ್ಕನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಿಮ್ಮಲ್ಲಿ ಅನೇಕರು ಧಾರಾಳವಾಗಿ ಹಣ ಕಳುಹಿಸುತ್ತೀರಿ. ಅಕ್ಕಿ ಬೇಳೆಗೆ ಈಗ ಅಷ್ಟಾಗಿ ಕೊರತೆಯಿಲ್ಲ. ಕೊರತೆಯಿರುವುದು ಮನುಷ್ಯರಿಗೆ. ಮೊದಲು ಹತ್ತನೆಯ ತರಗತಿಯ ಹುಡುಗ ಐದನೆಯವನಿಗೆ ಪಾಠ ಹೇಳುತ್ತಿದ್ದನು, ಕಾಲೇಜಿನವನು ಹತ್ತನೆಯವನಿಗೆ. ಈಗ ಆ ಸರಪಣಿ ಅಲ್ಲಲ್ಲಿ ತುಂಡಾಗಿದೆ. ಹಳ್ಳಿಯ ಹುಡುಗನಿಗೆ ಯಾವ ಪರೀಕ್ಷೆ ಕಟ್ಟಬೇಕು, ಅರ್ಜಿಯನ್ನು ಹೇಗೆ ತುಂಬಬೇಕು, ಐ.ಟಿ.ಐ.ಗೆ ಹೋಗುವುದೋ ಪಿ.ಯು.ಸಿ.ಗೆ ಹೋಗುವುದೋ ಎಂದು ಹೇಳುವವರಿಲ್ಲ. ಬ್ಯಾಂಕಿನಲ್ಲಿ, ಕಾರಖಾನೆಯಲ್ಲಿ, ನ್ಯಾಯಾಲಯದಲ್ಲಿ, ಹೊಲದಲ್ಲಿ ಅನುಭವ ಪಡೆದ ನೀವು ತಿಂಗಳಿಗೆ ಒಂದು ಭಾನುವಾರ ಬಂದು, ನಾಲ್ಕೈದು ಹುಡುಗರನ್ನು ನಿಮ್ಮವರೆಂದು ಆರಿಸಿಕೊಂಡು, ಅವರ ಕಾಲಿನ ಮೇಲೆ ಅವರು ನಿಲ್ಲುವವರೆಗೆ ವಿಚಾರಿಸಿಕೊಳ್ಳಬಹುದು. ಅಂದು ಪಂಕ್ತಿಯಲ್ಲಿ ಬಡಿಸಲೂಬಹುದು, ಕೈ ಮರೆತಿರಲಾರದು.

ಸಿದ್ಧಗಂಗೆಯ ಶ್ರೀಗಳವರು ತಮ್ಮ 111ನೆಯ ವಯಸ್ಸಿನಲ್ಲಿ, 2019ರ ಜನವರಿ 21ರಂದು ಮಧ್ಯಾಹ್ನಕ್ಕೆ ಮುನ್ನವೇ ಲಿಂಗೈಕ್ಯರಾದರು. ಸುದ್ದಿ ತಿಳಿದರೆ ಮಕ್ಕಳು ಉಣ್ಣುವುದಿಲ್ಲ, ಆದುದರಿಂದ ಅವರ ಊಟ ಮುಗಿದ ಮೇಲೆಯೇ ಹೇಳಬೇಕೆಂಬುದು ಶ್ರೀಗಳವರ ಇಚ್ಛೆಯಾಗಿತ್ತೆಂದು ಮಠದವರು ತಿಳಿಸಿದರು. ಅಂದು ಎಂದಿನಂತೆ ಗಂಟೆ ಬಾರಿಸಿತು, ಸಾಲು ಕುಳಿತಿತು, ಸಾವಿರಾರು ಮಕ್ಕಳು ಪ್ರಸಾದ ಸ್ವೀಕರಿಸಿ ತಟ್ಟೆ ತೊಳೆದರು. ಅನಂತರವೇ ನಾಡಿಗೆ ವಾರ್ತೆ ಹೊರಟಿತು.